ಆಯಿಲ್‌ಗೆ ನೀರು ಎಲ್ಲಿಂದ ಬಂತು?

ಹಳೆಯ ಕಾರಿನ ಎಂಜಿನ್‌ಗೆ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅದರ ಒಳಮೈಗೆ ಹಾಲು ಜಾಸ್ತಿಯಾದ ಕಾಫಿ ಬಣ್ಣದ ಕೆನೆ ಅಂಟಿಕೊಂಡಿದ್ದರೆ, ಹತ್ತಿರದಲ್ಲಿ ನಿಂತವರೆಲ್ಲ ಒಂದೇ ಮಾತು ಹೇಳುತ್ತಾರೆ: ‘ಹೆಡ್ ಗ್ಯಾಸ್ಕೆಟ್ ಹೋಯ್ತು, ಎಂಜಿನ್ ಇಳಿಸ್ಬೇಕು’. ಹಾಗೆ ಹೇಳಲು ಅರ್ಧ ನಿಮಿಷ ಸಾಕು. ಗಾಡಿಯ ಮಾಲೀಕನಿಗೆ ಮಾತ್ರ ಆ ಅರ್ಧ ನಿಮಿಷದ ಬೆಲೆ ಕೆಲವೊಮ್ಮೆ ಮೂವತ್ತು–ನಲವತ್ತು ಸಾವಿರ ರೂಪಾಯಿ.

ನಾನು ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ, ಕೆಲಸದ ಅರ್ಜಿಗಳನ್ನು ಕಳಿಸುತ್ತಲೇ ಸಕಲೇಶಪುರದ ಒಂದು ಸಣ್ಣ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಹೀಗೆ ಕೆನೆ ಕಟ್ಟಿದ ಎರಡು ಗಾಡಿಗಳು ನಮ್ಮಲ್ಲಿಗೆ ಬಂದವು. ಮುಚ್ಚಳ ಎರಡರದ್ದೂ ಒಂದೇ ಥರ. ಕಾಯಿಲೆ ಬೇರೆ ಬೇರೆ. ಡಿಪ್ಲೊಮಾ ಪರೀಕ್ಷೆಯಲ್ಲಿ ‘ಆಯಿಲ್ ಬಿಳಿಯಾಗಲು ಕಾರಣವೇನು?’ ಎಂಬ ಎರಡು ಅಂಕದ ಪ್ರಶ್ನೆಗೆ ‘ಹೆಡ್ ಗ್ಯಾಸ್ಕೆಟ್ ವೈಫಲ್ಯ’ ಎಂದು ಬರೆದು ಎರಡೂ ಅಂಕ ತೆಗೆದುಕೊಳ್ಳಬಹುದು. ಗ್ಯಾರೇಜಿನಲ್ಲಿ ಆ ಉತ್ತರ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಎಂಜಿನ್ ಒಳಗೆ ಆಯಿಲ್ ಮತ್ತು ಕೂಲಂಟ್ ಪಕ್ಕಪಕ್ಕದ ದಾರಿಗಳಲ್ಲೇ ಓಡಾಡುತ್ತವೆ. ಕೆಳಗೆ ಬ್ಲಾಕ್, ಮೇಲೆ ಹೆಡ್, ಇವೆರಡರ ನಡುವೆ ತೆಳ್ಳಗಿನ ಗ್ಯಾಸ್ಕೆಟ್. ಸಿಲಿಂಡರಿನ ಬೆಂಕಿಯ ಒತ್ತಡ, ಸುತ್ತ ಹರಿಯುವ ನೀರು, ಮೇಲಿನಿಂದ ಇಳಿಯುವ ಆಯಿಲ್ ಮೂರನ್ನೂ ಒಂದಕ್ಕೊಂದು ಸೇರದಂತೆ ತಡೆಯುವ ಹೊಣೆ ಅದರದ್ದು. ಹಲವು ಕಾರುಗಳಲ್ಲಿ ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದ್ದು. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎಂಜಿನ್ ಅತಿಯಾಗಿ ಕಾದರೆ ಹೆಡ್ ಬಾಗುತ್ತದೆ, ನಡುವಿನ ಗ್ಯಾಸ್ಕೆಟ್ ಸೋಲುತ್ತದೆ. ಆದ್ದರಿಂದ ಜನ ಮೊದಲು ಗ್ಯಾಸ್ಕೆಟ್ ಮೇಲೆ ಅನುಮಾನ ಪಡುವುದು ತಪ್ಪೇನಲ್ಲ. ಅನುಮಾನವನ್ನೇ ತೀರ್ಪು ಮಾಡಿಬಿಡುವುದು ತಪ್ಪು.

ಮೊದಲು ಬಂದದ್ದು ನಿವೃತ್ತ ಮೇಷ್ಟ್ರೊಬ್ಬರ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್. 1983ರಲ್ಲಿ ಶುರುವಾಗಿ 2014ರಲ್ಲಿ ನಿಂತುಹೋದ ಈ ಕಾರು ಮಲೆನಾಡಿನ ಮನೆಗಳ ಶೆಡ್ಡಿನಲ್ಲಿ ಇವತ್ತಿಗೂ ಕಾಣಸಿಗುತ್ತದೆ. ಮುಚ್ಚಳದಲ್ಲಿ ಬೆರಳು ದಪ್ಪ ಕೆನೆ. ಮೇಷ್ಟ್ರ ಮುಖ ಇಳಿದಿತ್ತು. ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ: ‘ದಿನಾ ಎಷ್ಟು ದೂರ ಓಡಿಸ್ತೀರಾ ಸಾರ್?’

‘ಹಾಲು ತರೋಕೆ, ಪೇಪರ್ ತರೋಕೆ. ಎರಡು ಕಿಲೋಮೀಟರ್ ಇರ್ಬಹುದು.’

ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಜೇನಿನ ಬಣ್ಣದಲ್ಲೇ ಇತ್ತು, ಮಟ್ಟವೂ ಸರಿಯಾಗಿತ್ತು. ಕೂಲಂಟ್ ಟ್ಯಾಂಕಿನಲ್ಲಿ ನೀರು ಒಂದು ಗೆರೆಯೂ ಇಳಿದಿರಲಿಲ್ಲ. ಥರ್ಮೋಸ್ಟಾಟ್ ಇರುವ ಜಾಗ ಬಿಚ್ಚಿದೆವು, ಒಳಗೆ ಥರ್ಮೋಸ್ಟಾಟೇ ಇಲ್ಲ! ‘ಬಿಸಿ ಆಗಬಾರದು’ ಎಂದು ಯಾರೋ ಯಾವತ್ತೋ ಕಿತ್ತು ಎಸೆದಿದ್ದರು. ನಮ್ಮ ಕಡೆ ಇದೊಂದು ರೂಢಿ. ಥರ್ಮೋಸ್ಟಾಟ್ ಇಲ್ಲದಿದ್ದರೆ ತಣ್ಣನೆಯ ನೀರು ಮೊದಲ ಕ್ಷಣದಿಂದಲೇ ಸುತ್ತುತ್ತದೆ, ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿಯಲ್ಲಿ ಸ್ವಲ್ಪ ಭಾಗ ರಿಂಗುಗಳನ್ನು ದಾಟಿ ಕೆಳಗೆ ಹೋಗುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿಯೇ ಹೊರಗೆ ಹೋಗುತ್ತದೆ. ಕಾಯದಿದ್ದರೆ ಅತಿ ತಣ್ಣಗಿರುವ ಜಾಗದಲ್ಲಿ, ಅಂದರೆ ಆ ಮುಚ್ಚಳದಲ್ಲೇ ಕೂತು ಆಯಿಲ್ ಜೊತೆ ಕಲಸಿ ಕೆನೆಯಾಗುತ್ತದೆ. ಜೂನ್–ಜುಲೈನ ಮಲೆನಾಡಿನ ಥಂಡಿಯಲ್ಲಿ ಇದು ಇನ್ನೂ ಜೋರು. ಹೊಸ ಥರ್ಮೋಸ್ಟಾಟ್ ಹಾಕಿ, ವಾರಕ್ಕೊಮ್ಮೆ ಹಾಸನದ ತನಕ ಹೋಗಿಬನ್ನಿ ಎಂದು ಹೇಳಿ ಕಳಿಸಿದೆವು. ಮೇಷ್ಟ್ರು ಎರಡು ಸಲ ಕೇಳಿದರು, ‘ಅಷ್ಟೇನಾ?’ ಅಂತ.

ಆಯಿಲ್ ಬಿಳಿಚಿಕೊಳ್ಳಲು ಇನ್ನೂ ಕೆಲವು ದಾರಿಗಳಿವೆ. ಅಳತೆ ಮೀರಿ ಆಯಿಲ್ ಹಾಕಿದರೆ ಕ್ರ್ಯಾಂಕ್ ಶಾಫ್ಟ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ಆದರೆ ರಾತ್ರಿಯಿಡೀ ನಿಲ್ಲಿಸಿದರೆ ಗಾಳಿ ಬಿಟ್ಟು ಬೆಳಿಗ್ಗೆ ಬಣ್ಣ ತಿಳಿಯಾಗುತ್ತದೆ. ನೀರು ಕಲಸಿದ್ದು ಹಾಗೆ ತಿಳಿಯಾಗುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರಿನ ಕಡೆ ನೆರೆಗೆ ಸಿಕ್ಕ ಕಾರುಗಳ ಚಿತ್ರ ನೀವೂ ನೋಡಿರಬಹುದು. ಹಾಗೆ ಮುಳುಗಿದ ಗಾಡಿಯ ಎಂಜಿನ್‌ಗೆ ನೀರು ನುಗ್ಗಿದರೂ ಆಯಿಲ್ ಬೆಳ್ಳಗಾಗುತ್ತದೆ, ಆದರೆ ಅಲ್ಲಿ ಕೂಲಂಟ್ ಕಡಿಮೆಯಾಗಿರುವುದಿಲ್ಲ. ಹಾಗಾಗಿ ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ಲೆಕ್ಕವನ್ನು. ಕೂಲಂಟ್ ಇಳಿಯುತ್ತಿದೆಯೇ? ಆಯಿಲ್ ಏರುತ್ತಿದೆಯೇ? ಹಳೆಯ ಎಂಜಿನ್ ಆಯಿಲ್ ಕುಡಿಯುವುದು ಸಹಜ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತಿದೆ ಎಂದರೆ ಒಳಗೆ ಬೇರೇನೋ ಸೇರುತ್ತಿದೆ ಎಂದೇ ಅರ್ಥ. ಕಾರ್ಬುರೇಟರ್ ಗಾಡಿಯಲ್ಲಿ ಪೆಟ್ರೋಲ್ ಪಂಪಿನ ಡಯಾಫ್ರಂ ಹರಿದರೂ ಮಟ್ಟ ಏರಬಹುದು, ಆಗ ಆಯಿಲ್ ಬೆಳ್ಳಗಾಗದೆ ನೀರಾಗಿ ಪೆಟ್ರೋಲ್ ವಾಸನೆ ಹೊಡೆಯುತ್ತದೆ.

ಎರಡನೆಯದು ಓಮ್ನಿ. ಅದರ ಮಾಲೀಕರು ಬೇಕರಿಯಿಂದ ಬ್ರೆಡ್ಡು, ಬನ್ನು, ರಸ್ಕ್ ತುಂಬಿಕೊಂಡು ಹಾನುಬಾಳು, ಹೆತ್ತೂರು ಕಡೆಯ ಅಂಗಡಿಗಳಿಗೆ ಹಾಕುವವರು. ಗಾಡಿ ನಿಂತ ದಿನ ಸಂಪಾದನೆಯೂ ಇಲ್ಲ. ಬೇರೆ ಕಡೆ ತೋರಿಸಿದ್ದಾಗ ಮುಚ್ಚಳ ನೋಡಿದವರು ‘ಬ್ಲಾಕೇ ಸೀಳಿದೆ, ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸೋಣ, ₹38,000 ಆಗುತ್ತೆ’ ಅಂದಿದ್ದರಂತೆ. ಇನ್ನೊಬ್ಬರು ಗಾಡಿಯನ್ನೇ ₹20,000ಕ್ಕೆ ಕೊಡಿ ಅಂದಿದ್ದರು. ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ, ವ್ಯಾನಿನ ಕಂತು ಇನ್ನೂ ಐದು ತಿಂಗಳು ಬಾಕಿ ಇದೆ. ‘ಮಾರ್ಬಿಡ್ಲಾ ಮೇಸ್ತ್ರಿ?’ ಎಂದು ಕೇಳುತ್ತಲೇ ಒಳಗೆ ಬಂದರು.

ಮೇಸ್ತ್ರಿ ನನ್ನ ಕಡೆ ತಿರುಗಿ, ‘ಸ್ಟಾರ್ಟ್ ಮಾಡ್ಬೇಡ. ತಳ್ಳಿ ಒಳಗೆ ಹಾಕು. ನೀನೇ ನೋಡು, ನಾಳೆ ಸಂಜೆ ನಂಗೆ ಹೇಳು’ ಅಂದರು.

ಸ್ಟಾರ್ಟ್ ಮಾಡಬಾರದು ಎಂಬುದಕ್ಕೆ ಕಾರಣವಿದೆ. ಸಿಲಿಂಡರಿನ ಒಳಗೆ ನೀರು ನಿಂತಿದ್ದರೆ ಪಿಸ್ಟನ್ ಮೇಲೇರುವಾಗ ಅದನ್ನು ಗಾಳಿಯ ಹಾಗೆ ಒತ್ತಿ ಕುಗ್ಗಿಸಲು ಆಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಅಲ್ಲದೆ ನೀರು ಬೆರೆತ ಆಯಿಲ್‌ಗೆ ಬೇರಿಂಗುಗಳ ನಡುವೆ ನಿಲ್ಲುವ ಶಕ್ತಿ ಇರುವುದಿಲ್ಲ. ಕೂಲಂಟ್‌ನಲ್ಲಿರುವ ಗ್ಲೈಕಾಲ್ ಬೇರಿಂಗಿನ ಮೆದು ಲೋಹವನ್ನು ತಿನ್ನುತ್ತದೆ. ಗ್ಯಾಸ್ಕೆಟ್ ಹೋದ ಗಾಡಿಯನ್ನು ‘ಇನ್ನೊಂದು ವಾರ ಓಡಿಸೋಣ’ ಎಂದು ಓಡಿಸಿದರೆ ಸಣ್ಣ ಖರ್ಚು ಕ್ರ್ಯಾಂಕಿನ ಖರ್ಚಾಗುವುದು ಹೀಗೆ.

ರಾತ್ರಿ ಗಾಡಿ ಅಲುಗದೆ ನಿಂತಿತ್ತು. ನೀರು ಆಯಿಲ್‌ಗಿಂತ ಭಾರ, ಆದ್ದರಿಂದ ಕಲಸದೆ ಉಳಿದ ನೀರು ಚೇಂಬರಿನ ತಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಕೆಳಗೆ ಬಿಳಿ ಟ್ರೇ ಇಟ್ಟು ಡ್ರೈನ್ ಬೋಲ್ಟನ್ನು ನಿಧಾನಕ್ಕೆ, ಪೂರ್ತಿ ಬಿಚ್ಚದೆ ಸಡಿಲಿಸಿದೆ. ಮೊದಲು ಬಂದದ್ದು ಆಯಿಲ್ ಅಲ್ಲ, ತೆಳು ಹಸಿರು ನೀರು. ಒಂದು ಲೋಟದಷ್ಟು ಬಂದ ಮೇಲೆ ಕಾಫಿ ಬಣ್ಣದ ಆಯಿಲ್ ಶುರುವಾಯಿತು. ನೀರಾವಿಯಿಂದ ಕೂತ ನೀರಿಗೆ ಹಸಿರು ಬಣ್ಣ ಇರುವುದಿಲ್ಲ. ಇದು ಕೂಲಂಟೇ. (ರುಚಿ ನೋಡಿದರೆ ಸಿಹಿ ಇರುತ್ತದೆ ಎಂದು ಹೇಳುವವರಿದ್ದಾರೆ. ದಯವಿಟ್ಟು ಬೇಡ. ಎಥಿಲೀನ್ ಗ್ಲೈಕಾಲ್ ವಿಷ. ಟ್ರೇಯನ್ನು ನಾಯಿ ಬೆಕ್ಕು ಮುಟ್ಟದ ಕಡೆ ಇಡಬೇಕು.) ಹಸಿರು ಕಾಣದೆ ಅನುಮಾನ ಉಳಿದರೆ ಇನ್ನೊಂದು ಉಪಾಯವಿದೆ. ಕಾದ ತಗಡಿನ ಮೇಲೆ ಎರಡು ಹನಿ ಆಯಿಲ್ ಬಿಟ್ಟರೆ, ನೀರಿದ್ದಾಗ ಒಗ್ಗರಣೆಯ ಹಾಗೆ ಚಟಪಟ ಅನ್ನುತ್ತದೆ. ನೀರಿದೆ ಎಂಬುದನ್ನು ಅದು ಹೇಳುತ್ತದೆ, ಎಲ್ಲಿಯದು ಎಂಬುದನ್ನು ಹೇಳುವುದಿಲ್ಲ. ಪೆಟ್ರೋಲ್ ಡಬ್ಬ ಪಕ್ಕದಲ್ಲಿಟ್ಟುಕೊಂಡು ಮಾಡುವ ಕೆಲಸವೂ ಅಲ್ಲ.

ಕೂಲಂಟ್ ಬಂದಿದೆ, ಸರಿ. ಯಾವ ದಾರಿಯಿಂದ?

ಇಲ್ಲಿ ಮೇಸ್ತ್ರಿ ಹಿಂದೊಮ್ಮೆ ಹೇಳಿಕೊಟ್ಟ ಒಂದು ಲೆಕ್ಕ ನೆನಪಾಯಿತು. ಯಾವ ಪುಸ್ತಕದಲ್ಲೂ ನನಗೆ ಅಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ. ಎಂಜಿನ್ ಓಡುವಾಗ ಆಯಿಲ್ ಒತ್ತಡ ಚದರ ಸೆಂಟಿಮೀಟರಿಗೆ ಮೂರು–ನಾಲ್ಕು ಕೆ.ಜಿ. ತನಕ ಇರುತ್ತದೆ, ಕೂಲಂಟ್ ಒತ್ತಡ ಸುಮಾರು ಒಂದು ಕೆ.ಜಿ. ಒತ್ತಡದ ಆಯಿಲ್ ಹರಿಯುವ ದಾರಿಗೂ ನೀರಿನ ದಾರಿಗೂ ನಡುವೆ ತೂತಾದರೆ, ಓಡುವಾಗ ಆಯಿಲ್ಲೇ ನೀರಿನೊಳಗೆ ನುಗ್ಗಬೇಕು. ಎಂಜಿನ್ ನಿಲ್ಲಿಸಿದ ಕೂಡಲೇ ಆಯಿಲ್ ಒತ್ತಡ ಸೊನ್ನೆ, ಬಿಸಿ ನೀರಿನ ಒತ್ತಡ ಇನ್ನೂ ಹಾಗೇ. ಆಗ ನೀರು ಆಯಿಲ್ ಕಡೆ ಬರುತ್ತದೆ. ಆದ್ದರಿಂದ ರೇಡಿಯೇಟರಿನಲ್ಲೂ ಆಯಿಲ್ ಜಿಡ್ಡು ತೇಲುತ್ತಿದ್ದರೆ, ಅದರಲ್ಲೂ ಆಯಿಲ್ ಕೂಲರ್ ಇರುವ ಡೀಸೆಲ್ ಗಾಡಿಯಾದರೆ, ಹೆಡ್ ಬಿಚ್ಚುವ ಮೊದಲು ಆ ಕೂಲರನ್ನು ನೋಡಬೇಕು. ನಮ್ಮಲ್ಲಿಗೆ ಬಂದ ಹಳೆಯ ಡೀಸೆಲ್ ಜೀಪೊಂದಕ್ಕೆ ಕೂಲರ್ ಬದಲಿಸಿದ್ದೇ ಸಾಕಾಗಿತ್ತು, ಹೆಡ್ ಮುಟ್ಟಲೇ ಇಲ್ಲ. ವೆಟ್ ಲೈನರ್ ಇರುವ ಲಾರಿ, ಟ್ರ್ಯಾಕ್ಟರುಗಳಲ್ಲಾದರೆ ಲೈನರಿನ ಕೆಳಗಿನ ರಬ್ಬರ್ ಉಂಗುರ ಸವೆದು ನೀರು ನೇರ ಚೇಂಬರಿಗೆ ಇಳಿಯುತ್ತದೆ.

ಓಮ್ನಿಯ ರೇಡಿಯೇಟರ್ ಕ್ಯಾಪ್ ತೆಗೆದರೆ (ತಣ್ಣಗಿದ್ದಾಗ ಮಾತ್ರ ತೆಗೆಯಬೇಕು, ಬಿಸಿಯಿದ್ದಾಗ ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ) ನೀರಿನಲ್ಲಿ ಜಿಡ್ಡು ಇರಲಿಲ್ಲ. ಹಾಗಾದರೆ ಆಯಿಲ್ ಒತ್ತಡದ ದಾರಿಯ ಮೇಲಿನ ಅನುಮಾನ ಕಡಿಮೆಯಾಯಿತು. ನೀರು ಸಿಲಿಂಡರಿನ ಮೂಲಕ ಬಂದಿರಬಹುದು, ಅಥವಾ ಮೇಲಿನಿಂದ ಆಯಿಲ್ ವಾಪಸು ಇಳಿಯುವ ತೂತಿನಿಂದ.

ನಮ್ಮ ಗ್ಯಾರೇಜಿನಲ್ಲಿ ಕಂಪನಿಯ ಪ್ರೆಷರ್ ಟೆಸ್ಟರ್ ಇಲ್ಲ. ಹಳೆಯ ರೇಡಿಯೇಟರ್ ಕ್ಯಾಪಿಗೆ ಟ್ಯೂಬಿನ ವಾಲ್ವ್ ಬೆಸೆದು, ಒಂದು ಗೇಜ್ ಸೇರಿಸಿ ಮೇಸ್ತ್ರಿಯೇ ಮಾಡಿಕೊಂಡದ್ದಿದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆಯುವುದು. ಕ್ಯಾಪಿನ ಮೇಲೆ 0.9 ಎಂದು ಬರೆದಿತ್ತು, ಅದಕ್ಕಿಂತ ಮೇಲೆ ಏರಿಸಬಾರದು, ಏರಿಸಿದರೆ ಇಲ್ಲದ ಸೋರಿಕೆಯನ್ನು ನಾವೇ ಹುಟ್ಟಿಸಿದಂತೆ. 0.9ಕ್ಕೆ ನಿಲ್ಲಿಸಿ ಕಾಯುತ್ತ ಕೂತೆ. ಹದಿನೈದು ನಿಮಿಷದಲ್ಲಿ ಮುಳ್ಳು 0.5ಕ್ಕೆ ಇಳಿಯಿತು. ಹೋಸ್‌ಗಳು, ವಾಟರ್ ಪಂಪು, ರೇಡಿಯೇಟರ್ ಎಲ್ಲ ಕಡೆ ಟಾರ್ಚ್ ಬಿಟ್ಟು ನೋಡಿದೆ. ಹೊರಗೆ ಒಂದು ಹನಿ ಇಲ್ಲ.

ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿ ಮೂರೂ ಪ್ಲಗ್ ಬಿಚ್ಚಿದೆ. ಮೊದಲಿನ ಎರಡು ಹಳೆಯ ಗಾಡಿಯಲ್ಲಿ ಇರಬೇಕಾದಂತೆ ಕಂದು–ಕಪ್ಪು ಬಣ್ಣಕ್ಕಿದ್ದವು. ಮೂರನೆಯದು ಮಾತ್ರ ಯಾರೋ ಬ್ರಶ್ ಹಾಕಿ ತೊಳೆದ ಹಾಗೆ ಫಳಫಳ. ಉರಿಯುವ ಜಾಗಕ್ಕೆ ನೀರು ಹೋಗಿ ಆವಿಯಾದರೆ ಅಲ್ಲಿನ ಮಸಿ ತೊಳೆದುಹೋಗುತ್ತದೆ. ಕಾಯಿಲ್‌ನ ವೈರ್ ತೆಗೆದು, ಪ್ಲಗ್ ತೂತಿನಿಂದ ದೂರ ನಿಂತು, ಹುಡುಗನೊಬ್ಬನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಎರಡು ತೂತಿನಿಂದ ಬರೀ ಗಾಳಿ. ಮೂರನೆಯದರಿಂದ ಹಸಿರು ಮಿಶ್ರಿತ ನೀರಿನ ಸಿಂಪಡಣೆ, ಸೀಟಿನ ತಳಕ್ಕೆ ಹೋಗಿ ಬಡಿಯಿತು.

ಇಷ್ಟಾದ ಮೇಲೂ ಅಳತೆ ಬೇಕಿತ್ತು. ಕಂಪ್ರೆಷನ್ ಗೇಜ್ ಹಾಕಿದರೆ ಮೊದಲೆರಡರಲ್ಲಿ 160, 155 ಪಿಎಸ್‌ಐ. ಮೂರನೆಯದರಲ್ಲಿ 105. ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆ, ಮುಳ್ಳು ಅಲ್ಲೇ ನಿಂತಿತು. ರಿಂಗ್ ಸವೆದಿದ್ದರೆ ಆಯಿಲ್ ಆ ಸಂದನ್ನು ತುಂಬಿ ಮುಳ್ಳು ಏರಬೇಕಿತ್ತು. ಕೊನೆಗೆ ಮೂರನೆಯ ಪಿಸ್ಟನ್ನನ್ನು ಕಂಪ್ರೆಷನ್ನಿನ ತುದಿಗೆ ತಂದು, ಗೇರಿನಲ್ಲಿ ಹಿಡಿದು ನಿಲ್ಲಿಸಿ, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟೆ. ಈ ಪರೀಕ್ಷೆಯಲ್ಲಿ ಕಿವಿಯೇ ಉಪಕರಣ. ಸೈಲೆನ್ಸರಿನಲ್ಲಿ ಸುಯ್ ಅಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರಿನಲ್ಲಿ ಅಂದರೆ ಇನ್‌ಲೆಟ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಜೋರಾಗಿ ಅಂದರೆ ರಿಂಗು. ಅವೆಲ್ಲ ಸುಮ್ಮನಿದ್ದವು. ರೇಡಿಯೇಟರಿನ ಬಾಯಲ್ಲಿ ಗುಳುಗುಳು ಗುಳ್ಳೆ ಏಳತೊಡಗಿತು.

ಸಂಜೆ ಮೇಸ್ತ್ರಿಗೆ ಹೇಳಿದೆ: ‘ಮೂರನೇ ಸಿಲಿಂಡರಿಗೂ ನೀರಿಗೂ ದಾರಿ ಆಗಿದೆ. ರಾತ್ರಿ ನೀರು ಅಲ್ಲಿ ಸೇರಿ, ರಿಂಗ್ ಸಂದಿನಿಂದ ಚೇಂಬರಿಗೆ ಇಳೀತಿದೆ. ಗ್ಯಾಸ್ಕೆಟ್ಟೋ, ಹೆಡ್ ಸೀಳಿದೆಯೋ, ಬ್ಲಾಕೋ ಅನ್ನೋದು ಹೆಡ್ ತೆಗೆದ್ರೇನೇ ಗೊತ್ತಾಗೋದು.’

ಆ ಕೊನೆಯ ಮಾತು ಮುಖ್ಯ ಎಂದು ನನಗೆ ಈಗಲೂ ಅನ್ನಿಸುತ್ತದೆ. ಮಾಲೀಕರಿಗೂ ಹಾಗೇ ಹೇಳಿದೆವು. ‘ಹೆಡ್ ತೆಗೆಯೋಕೆ ಇಷ್ಟು. ಬ್ಲಾಕ್ ಸೀಳಿದ್ರೆ ಅಲ್ಲಿಗೇ ನಿಲ್ಲಿಸ್ತೀವಿ ಅಣ್ಣ, ಆಮೇಲೆ ನೀವು ಯೋಚನೆ ಮಾಡಿ.’ ಒಟ್ಟು ಖರ್ಚು ಎಷ್ಟು ಎಂದು ಅವರು ಎಷ್ಟು ಕೇಳಿದರೂ ಮೇಸ್ತ್ರಿ ಆ ಹೊತ್ತಿಗೆ ಹೇಳಲಿಲ್ಲ. ಅವರು ಒಂದು ಸಿಗರೇಟು ಸೇದಿ ಮುಗಿಸುವಷ್ಟು ಹೊತ್ತು ಸುಮ್ಮನಿದ್ದು ‘ತೆಗೀರಿ’ ಅಂದರು.

ಹೆಡ್ ಎತ್ತಿದಾಗ ಗ್ಯಾಸ್ಕೆಟ್ ಮೇಲೆ ಮೂರನೆಯ ಸಿಲಿಂಡರಿನ ಅಂಚಿನಿಂದ ಪಕ್ಕದ ನೀರಿನ ತೂತಿನ ತನಕ ಸುಟ್ಟ ಕಪ್ಪು ಗೆರೆ. ಬೆರಳ ಉಗುರಿನಷ್ಟು ಉದ್ದ, ಅಷ್ಟೇ. ಹೆಡ್ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿದರೆ 0.15 ಮಿ.ಮೀ. ಹಾಳೆ ಸಲೀಸಾಗಿ ಹೋಯಿತು. ಸಾಮಾನ್ಯವಾಗಿ 0.05ಕ್ಕಿಂತ ಹೆಚ್ಚಿರಬಾರದು. ಬ್ಲಾಕಿನ ಮುಖವನ್ನು ಶುಚಿ ಮಾಡಿ ಉದ್ದಕ್ಕೂ ಅಡ್ಡಕ್ಕೂ ನೋಡಿದೆವು. ಸಮತಟ್ಟಾಗಿತ್ತು, ಸೀಳು ಕಾಣಲಿಲ್ಲ. ಹೆಡ್ಡನ್ನು ಹಾಸನದ ಲೇತ್ ಶಾಪಿಗೆ ಒಯ್ದೆ. ಅಲ್ಲಿ ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಗುಳ್ಳೆ ಏಳಲಿಲ್ಲ, ಅಂದರೆ ಹೆಡ್ಡೂ ಸೀಳಿಲ್ಲ. ಫೇಸಿಂಗ್ ಮಾಡಿಸಿಕೊಂಡು ಸಂಜೆಯ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ. ಕಂಡಕ್ಟರ್ ಲಗೇಜ್ ಟಿಕೆಟ್ ಕೇಳಲಿಲ್ಲ.

ಆದರೆ ಹೊಸ ಗ್ಯಾಸ್ಕೆಟ್ ಹಾಕಿಬಿಟ್ಟರೆ ಕೆಲಸ ಮುಗಿಯುತ್ತಿತ್ತೇ? ಗ್ಯಾಸ್ಕೆಟ್ ಸುಮ್ಮನೆ ಸುಡುವುದಿಲ್ಲ. ಎಲ್ಲಾದರೂ ಬಿಸಿ ಏರಿತ್ತಾ ಎಂದು ಕೆದಕಿ ಕೇಳಿದಾಗ ಮಾಲೀಕರು ಹೇಳಿದರು: ತಿಂಗಳ ಹಿಂದೆ ಶಿರಾಡಿ ಘಾಟಿಯಲ್ಲಿ ಲಾರಿ ಅಡ್ಡ ನಿಂತು ಎರಡು ಗಂಟೆ ಟ್ರಾಫಿಕ್ ಜಾಮ್, ಇಂಚಿಂಚೇ ಏರುವಾಗ ಮುಳ್ಳು ಕೆಂಪಿಗೆ ಹೋಗಿತ್ತು, ತೊರೆಯ ನೀರು ಹಾಕಿ ಮನೆಗೆ ಬಂದೆ. ರೇಡಿಯೇಟರ್ ಫ್ಯಾನಿಗೆ ನೇರ ಕರೆಂಟ್ ಕೊಟ್ಟೆ, ತಿರುಗಿತು. ಹಾಗಾದರೆ ಅದನ್ನು ಚಾಲೂ ಮಾಡುವ ಥರ್ಮೋ ಸ್ವಿಚ್? ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಕುದಿಯುವ ತನಕ ಕಾಯಿಸಿ ಮಲ್ಟಿಮೀಟರ್ ಹಿಡಿದರೂ ಅದು ಸೇರಲೇ ಇಲ್ಲ. ಓಡುವಾಗ ಎದುರುಗಾಳಿ ತಂಪು ಮಾಡುತ್ತಿತ್ತು. ನಿಂತಾಗ ಫ್ಯಾನ್ ಬೇಕು, ಅದು ತಿರುಗುತ್ತಿರಲಿಲ್ಲ. ವಯಸ್ಸಾದ ಆ ಸ್ವಿಚ್ಚಿನ ಬೆಲೆ ₹350. ಅದು ಹಾಗೇ ಉಳಿದಿದ್ದರೆ ₹38,000ದ ಎಂಜಿನ್ ಕೂರಿಸಿದ್ದರೂ ಮುಂದಿನ ಜಾಮ್‌ನಲ್ಲಿ ಮತ್ತೆ ಇದೇ ಕತೆ.

ಈ ನಡುವೆ ಒಂದು ಸರ್ವೀಸ್ ಸೆಂಟರಿನ ಸಂದರ್ಶನಕ್ಕೆ ಹೋಗಿದ್ದೆ. ‘ಸ್ಕ್ಯಾನರ್ ಬಳಸಲು ಬರುತ್ತದೆಯೇ?’ ಎಂಬುದೇ ಅಲ್ಲಿನ ಮೊದಲ ಪ್ರಶ್ನೆ. ಬರುತ್ತದೆ. ಹೊಸ ಗಾಡಿಗೆ ಅದು ಬೇಕೇ ಬೇಕು. ಆದರೆ ಕಾರ್ಬುರೇಟರ್ ಓಮ್ನಿಗೆ ಸ್ಕ್ಯಾನರ್ ಚುಚ್ಚುವ ಜಾಗವೇ ಇಲ್ಲ. ಹೊಸ ಗಾಡಿಯಲ್ಲೂ ‘ಆಯಿಲ್‌ಗೆ ನೀರು ಬಂದಿದೆ’ ಎಂದು ನೇರವಾಗಿ ಹೇಳುವ ಕೋಡ್ ಸಾಮಾನ್ಯವಾಗಿ ಇರುವುದಿಲ್ಲ. ಬಿಸಿ ಏರಿದೆ, ಸಿಲಿಂಡರ್ ಮಿಸ್ ಆಗುತ್ತಿದೆ ಎಂದಷ್ಟೇ ಅದು ಹೇಳೀತು. ಅಲ್ಲಿಂದ ಮುಂದಕ್ಕೆ ಅದೇ ಪ್ಲಗ್, ಅದೇ ಗೇಜ್, ಅದೇ ಗುಳ್ಳೆ. ಸಂದರ್ಶನ ಮಾಡಿದವರಿಗೆ ಓಮ್ನಿಯ ಕತೆ ಹೇಳಿದೆ, ಥರ್ಮೋ ಸ್ವಿಚ್ ಬಗ್ಗೆ ಅವರು ಎರಡು ಮರುಪ್ರಶ್ನೆ ಕೇಳಿದರು. ಫಲಿತಾಂಶ ಇನ್ನೂ ಬಂದಿಲ್ಲ.

ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಡ್ ಬೋಲ್ಟುಗಳನ್ನು ಮಧ್ಯದಿಂದ ಹೊರಕ್ಕೆ, ಹಂತಹಂತವಾಗಿ, ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು. ‘ಕೈಯಂದಾಜು ಸಾಕು’ ಎನ್ನುವವರ ಗಾಡಿ ವಾಪಸು ಬರುತ್ತದೆ. ಎಂಜಿನ್ ಒಳಗೆ ಮೂಲೆಮೂಲೆಯಲ್ಲಿ ಕೆನೆ ಉಳಿದಿರುತ್ತದಾದ್ದರಿಂದ ಮೊದಲು ಅಗ್ಗದ ಆಯಿಲ್ ಹಾಕಿ, ಕೆಲವು ನಿಮಿಷ ಐಡ್ಲಿಂಗ್‌ನಲ್ಲಿ ಓಡಿಸಿ, ಪೂರ್ತಿ ಇಳಿಸಿ, ಆಮೇಲೆ ಹೊಸ ಫಿಲ್ಟರ್ ಜೊತೆ ಒಳ್ಳೆಯ ಆಯಿಲ್ ಹಾಕಿದೆವು. ತೊರೆಯ ನೀರನ್ನೆಲ್ಲ ಹೊರಹಾಕಿ, ಕೂಲಂಟ್ ಮತ್ತು ಶುದ್ಧ ನೀರು ಅರ್ಧಕ್ಕರ್ಧ. ಗ್ಯಾಸ್ಕೆಟ್ ಸೆಟ್, ಲೇತ್ ಕೆಲಸ, ಎರಡು ಸಲದ ಆಯಿಲ್, ಕೂಲಂಟ್, ಸ್ವಿಚ್, ಕೂಲಿ ಎಲ್ಲ ಸೇರಿ ₹9,000 ಆಯಿತು. ಮೇಸ್ತ್ರಿ ಅದನ್ನು ಎರಡು ಕಂತು ಮಾಡಿಕೊಟ್ಟರು.

ಕೂಲಂಟ್ ಟ್ಯಾಂಕಿನ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದು, ‘500 ಕಿಲೋಮೀಟರ್ ಆದ್ಮೇಲೆ ಬನ್ನಿ ಅಣ್ಣ’ ಎಂದು ಕಳಿಸಿದೆ. ಹದಿನೇಳನೆಯ ದಿನ ಬಂದರು. ನೀರು ಗೆರೆಯಲ್ಲೇ ಇತ್ತು. ಡಿಪ್‌ಸ್ಟಿಕ್ ಒರೆಸಿ, ಅದ್ದಿ, ಎತ್ತಿ ಬೆಳಕಿಗೆ ಹಿಡಿದೆ. ತಿಳಿ ಕಂದು. ‘ಇನ್ನೊಂದ್ಸಲ ನೋಡಪ್ಪ’ ಅಂದರು. ಇನ್ನೊಂದು ಸಲ ನೋಡಿದೆ. ಹಿಂದಿನ ಸೀಟಿಲ್ಲದ ಆ ವ್ಯಾನಿನ ತುಂಬ ಬ್ರೆಡ್ಡಿನ ಟ್ರೇಗಳಿದ್ದವು, ಹೆತ್ತೂರಿನ ಅಂಗಡಿಗಳು ಕಾಯುತ್ತಿವೆ ಎಂದು ಹೇಳಿ ಹೊರಟರು.